ಭಾಲ್ಕಿಯಲ್ಲಿ ಸಿಕ್ಕ ಆಲ್ಟರ್ನೇಟರ್

ಗೆಳೆಯರೇ, ಹೆಂಡತಿ ದಿನಾ ಔರಾದಿನ ಶಾಲೆಗೆ ಓಡಿಸುವ ನಮ್ಮ ಹಳೇ ಸಣ್ಣ ಕಾರಿನ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಸುಟ್ಟಿತ್ತು. ಬೀದರಿನ ಬಿಡಿಭಾಗಗಳ ಅಂಗಡಿಯವನು, "ಈ ಮಾಡೆಲ್ ಬಂದ್ ಆಗ್ಯದರಿ. ಗಾಡಿ ಮಾರಿಬಿಡ್ರಿ" ಎಂದ. ಅವಳು ಒಪ್ಪಲಿಲ್ಲ. ಸುಟ್ಟದ್ದನ್ನು ಚೀಲಕ್ಕೆ ಹಾಕಿಕೊಂಡು ಇವತ್ತು ಬೆಳಿಗ್ಗೆ ಇಬ್ಬರೂ ಬಸ್ಸಿನಲ್ಲಿ ಭಾಲ್ಕಿಗೆ ಹೋದೆವು.

ಅಲ್ಲಿಯ ಗುಜರಿ ಅಂಗಡಿಯ ಚಾಚಾ ಬೇರೊಂದು ಕಾರಿನ ಆಲ್ಟರ್ನೇಟರನ್ನು ನಮ್ಮದರ ಪಕ್ಕಕ್ಕಿಟ್ಟು ನೋಡಿದರು. ಬೋಲ್ಟಿನ ತೂತುಗಳು ಸರಿಹೊಂದಿದವು. ಬೆಲ್ಟ್ ಕೂರುವ ಪುಲ್ಲಿ ಮಾತ್ರ ಬೇರೆಯಿತ್ತು.

"ಹಂಗಾದ್ರ ಇದು ನಡೆಯಂಗಿಲ್ಲೇನ್ರಿ?" ಎಂದೆ.

ಹೆಂಡತಿ, "ನಮ್ಮದರ ಪುಲ್ಲಿ ಬಿಚ್ಚಿ ಇದಕ್ಕ ಹಾಕ್ರಿ ಚಾಚಾ" ಎಂದಳು.

"ಬರೋಬರ್ ಹೇಳಿದ್ರಿ ಅಕ್ಕೋರೆ!"

ಸಂಜೆ ಅದನ್ನು ಮನೆಗೆ ತಂದು ಕೂರಿಸಿದಾಗ ಕಾರು ಚಾಲೂ ಆಯಿತು, ಬ್ಯಾಟರಿಯ ಕೆಂಪು ದೀಪ ಆರಿತು.

ಶಾಲೆಯಲ್ಲಿ ಅವಳು ಕಲಿಸುವುದು ಕನ್ನಡ. ಇಂಜಿನಿಯರಿಂಗ್ ಓದಿದವನು ನಾನು.