ಬಯಲುಸೀಮೆಗೆ ಹೊತ್ತೊಯ್ದ ತಾಟೆ ಮೀನು

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ನನ್ನ ಅಳಿಯ ಮಾಡಿಗೆ ಹಂಚು ಹೊದಿಸುವವನು. ಚಿತ್ರದುರ್ಗದ ಆಚೆ ಒಂದು ಹತ್ತಿ ಮಿಲ್ಲಿನ ಕೆಲಸಕ್ಕೆ ಹೋದವನು ನನ್ನ ಮಗಳು ಲೀಲಾಳನ್ನೂ ಕರೆದೊಯ್ದಿದ್ದ. ಚೊಚ್ಚಲ ಹೆರಿಗೆ ಕಡಲತಡಿಯ ಉರ್ವದ ನಮ್ಮ ಮನೆಯಲ್ಲಿ ಆಗಬೇಕಿತ್ತು. ಆದರೆ ತಿಂಗಳು ತುಂಬುವ ಮೊದಲೇ ಅಲ್ಲಿಯೇ ಹೆಣ್ಣುಮಗು ಹುಟ್ಟಿತು, ತಾಯಿಗೆ ಹಾಲಿಲ್ಲ ಎಂದು ಸುದ್ದಿ ಬಂತು. ಅಜ್ಜಿಯಾದೆನೆಂದು ಕೇರಿಗೆಲ್ಲ ಬೆಲ್ಲ ಕೊಟ್ಟೆ, ಕೊಡುತ್ತಲೇ ಅತ್ತೆ.

ಒಣಗಿಸಿದ ತಾಟೆ ಮೀನು ತಿಂದರೆ ಬಾಣಂತಿಗೆ ಹಾಲು ಇಳಿಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಒಂದು ಗಂಟು ಕಟ್ಟಿಕೊಂಡು ತಮ್ಮನೊಡನೆ ಹೊರಟೆ.

"ಅಕ್ಕ, ಈ ವಾಸನೆಗೆ ಬಸ್ಸಿನವ ನಮ್ಮನ್ನು ಘಟ್ಟದಲ್ಲೇ ಇಳಿಸ್ತಾನೆ ನೋಡು ಮಾರಾಯ್ತಿ" ಎಂದ ಅವನು.

ಘಟ್ಟ ದಾಟಿ ಬಹಳ ದೂರ ಹೋದ ಮೇಲೆ ಹಸಿರು ಮುಗಿಯಿತು. ಕಪ್ಪು ನೆಲ, ಜೋಳ, ಹತ್ತಿ, ಕುರಿ ಹಿಂಡು, ಮಳೆಯೇ ಇಲ್ಲದೆ ಕಂಬಳಿ ಹೊದ್ದ ಜನ. ನೀರು ಹರಿಯುವ ಒಂದು ತೋಡು ಕೂಡ ಕಾಣದ ಈ ಊರಿನಲ್ಲಿ ನನ್ನ ಮೊಮ್ಮಗು ಬದುಕೀತೇ ಎಂದುಕೊಂಡೆ.

ಅಳಿಯ ಬಾಡಿಗೆಗಿದ್ದ ಮನೆಗೆ ಹೋದರೆ ಮನೆ ಯಜಮಾನಿ ಸಿದ್ದವ್ವ ಹತ್ತಿಯ ಬತ್ತಿಯನ್ನು ಮೇಕೆ ಹಾಲಿನಲ್ಲಿ ಅದ್ದಿ ನನ್ನ ಮೊಮ್ಮಗಳ ಬಾಯಿಗೆ ಹನಿಸುತ್ತಿದ್ದಳು. ನನ್ನನ್ನು ಕಂಡು ನಕ್ಕವಳು ತಟ್ಟನೆ ಮೂಗಿಗೆ ಸೆರಗು ಹಿಡಿದಳು.

"ಅದೇನವ್ವ ಗಂಟು?"

ಮೀನು ಮಾಂಸ ಮುಟ್ಟದ ಮನೆತನ ಅವಳದು. ಅಳಿಯ ಮೆಲ್ಲಗೆ ನನ್ನ ಸೆರಗು ಜಗ್ಗಿದ. ಹಸಿ ಬಾಣಂತಿಯನ್ನು ಹೊರಗೆ ಹಾಕಿದರೆ ಎಲ್ಲಿಗೆ ಹೋಗುವುದು? ನಾನು ನಿಜ ಹೇಳಿಬಿಟ್ಟೆ.

ಸಿದ್ದವ್ವ ಒಮ್ಮೆ ಮಗುವಿನ ಕಡೆ ನೋಡಿದಳು. "ಇದ್ರಿಂದ ಹಾಲು ಬರ್ತೈತೇನು?"

"ಬರ್ತದೆ ಅಮ್ಮ. ನಮ್ಮಲ್ಲಿ ಎಲ್ಲರಿಗೂ ಇದನ್ನೇ ಕೊಡುವುದು."

"ಹಂಗಾದ್ರೆ ಹಿತ್ಲಾಗೆ ಬೇಯಿಸ್ಕ. ಮನೆಯೊಳಕ್ಕೆ ತರಬ್ಯಾಡ. ಯಾರಾದ್ರೂ ಕೇಳಿದ್ರೆ ಕುರಿರೊಪ್ಪದ ನಾತ ಅಂತೀನಿ."

ಮಗಳಿಗೆ ದಿನವೂ ಹಿತ್ತಿಲಿನಲ್ಲಿ ನನ್ನ ಮೀನು, ಒಳಗೆ ಸಿದ್ದವ್ವನ ಜೋಳದ ರೊಟ್ಟಿ, ಸಬ್ಬಸಿಗೆ ಸೊಪ್ಪಿನ ಪಲ್ಯ. ಕೊನೆಗೊಂದು ಬೆಳಿಗ್ಗೆ ಮಗು ತಾಯಿಯ ಎದೆಯಲ್ಲೇ ಹೊಟ್ಟೆ ತುಂಬ ಕುಡಿದು, ಕಟವಾಯಿಯಲ್ಲಿ ಹಾಲು ಸುರಿಸಿಕೊಂಡು ನಿದ್ದೆ ಹೋಯಿತು.

"ಇದು ನಮ್ ಸಬ್ಬಸಿಗೆ ಸೊಪ್ಪಿನ ಹಾಲು" ಎಂದಳು ಸಿದ್ದವ್ವ.

"ಎಂತ ಸೊಪ್ಪು? ನನ್ನ ಮೀನಿನದ್ದು" ಎಂದೆ. ಇಬ್ಬರೂ ಬಿಟ್ಟುಕೊಡಲಿಲ್ಲ, ನಕ್ಕು ನಕ್ಕು ಸಾಕಾಯಿತು.

ಆ ಮಗು ಈಗ ಎರಡು ಮಕ್ಕಳ ತಾಯಿ. ಅವಳನ್ನು ಕಂಡಾಗಲೆಲ್ಲ ನನಗೆ ಹಿಗ್ಗೋ ಹಿಗ್ಗು. ಈಗ ಯೋಚಿಸಿದರೆ ಸಿದ್ದವ್ವನೇ ಗೆದ್ದಳು ಅನಿಸುತ್ತದೆ. ನನ್ನ ಮೊಮ್ಮಗಳಿಗೆಂದು ನಾನು ಮೀನು ಹೊತ್ತೆ, ಅದೇನು ದೊಡ್ಡದಲ್ಲ. ಅವಳು ಯಾರದೋ ಮೊಮ್ಮಗಳಿಗಾಗಿ, ಮೂಗು ಮುಚ್ಚಿಕೊಂಡು, ಆ ಮೀನಿನ ಒಲೆಗೆ ದಿನಾ ಒಣಗಿದ ಹತ್ತಿಗಿಡದ ಕಡ್ಡಿ ತಂದು ಹಾಕುತ್ತಿದ್ದಳು.