ಭಟ್ಟಿ ತೆರೆಯುವ ಮುಂಚೆ ಆಡಬಾರದ ಮಾತು

೧೯೨೦ರಲ್ಲಿ ನನ್ನ ಓದು ನಿಂತಿತು. ನಿಂತಿತು ಎನ್ನುವುದೂ ಸರಿಯಲ್ಲ, ನಾನೇ ನಿಲ್ಲಿಸಿದೆ. ಖಾನಾಪುರದ ಶಾಲೆಯಲ್ಲಿ ಮುಂದಿನ ಇಯತ್ತೆಗೆ ಇಂಗ್ಲಿಷ್ ಶುರುವಾಗುವುದಿತ್ತು. ಅದೇ ಬೇಸಿಗೆಯಲ್ಲಿ ಅಪ್ಪನ ಬಲ ಮಣಿಕಟ್ಟು ಬಾತುಕೊಂಡು ಚಕ್ರಕ್ಕೆ ಕೈ ಹಾಕಲಾಗದಂತಾಯಿತು. ನಾನು ಪಾಟಿಯನ್ನು ಗೂಡಿನಲ್ಲಿಟ್ಟು ಚಕ್ರದ ಮುಂದೆ ಕುಳಿತೆ. ಅದಕ್ಕಾಗಿ ಯಾರೂ ನನ್ನನ್ನು ಕಂಡು ಅಯ್ಯೋ ಅನ್ನಬೇಕಾಗಿಲ್ಲ. ಮಣ್ಣನ್ನು ಕೊಳವೆಯಂತೆ ಎತ್ತಿ, ಹಸಿ ಇರುವಾಗಲೇ ಉದ್ದಕ್ಕೆ ಸೀಳಿ ಎರಡು ಹಂಚು ಮಾಡುವ ಕೆಲಸದಲ್ಲಿ ನನ್ನ ಕೈಗೆ ಸಮನಾದವರು ಆ ಸೀಮೆಯಲ್ಲಿ ಹೆಚ್ಚಿಗೆ ಇರಲಿಲ್ಲ.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ಹಂಚು ಸುಡುವ ಭಟ್ಟಿ ತೆರೆಯುವ ಮುಂಚೆ ‘ಹಂಚು ಚಲೋ ಬರುತ್ತವೆ’ ಎಂದು ಬಾಯಿಬಿಟ್ಟು ಆಡಕೂಡದು. ಬೆಂಕಿ ನಮ್ಮ ಆಳಲ್ಲ, ಅದರ ಪರವಾಗಿ ಮಾತು ಕೊಡಲು ನಾವು ಯಾರು? ಗಿರಾಕಿ ಕೇಳಿದರೆ ‘ನೋಡೂಣು ರೀ’ ಎನ್ನಬೇಕು. ಹಾಗಂತ ಗಿರಾಕಿಗೆ ಮೋಸವಿಲ್ಲ. ಅವನಿಗೆ ಬೇಕಾದುದಕ್ಕಿಂತ ಕಾಲುಪಾಲು ಹೆಚ್ಚು ಹಂಚು ಮಾಡಿ ಸುಡುತ್ತೇವೆ. ಸೊಟ್ಟಾದದ್ದು, ಸೀಳಿದ್ದು ಭಟ್ಟಿಯ ಪಾಲು, ಉಳಿದದ್ದು ಗಿರಾಕಿಯದು. ಬೀಡಿ ಊರಿನಿಂದ ಜಾಂಬೋಟಿಯವರೆಗೆ ಇದನ್ನು ಅರಿಯದವರಿಲ್ಲ. ಅಪ್ಪ ‘ನೋಡೂಣು’ ಅಂದರೆ ಗಿರಾಕಿಗಳು ಮನೆಗೆ ಹೋಗಿ ಧೈರ್ಯವಾಗಿ ಹಳೆಯ ಮಾಡು ಕೀಳುತ್ತಿದ್ದರು.

೧೯೨೭ರ ಬೇಸಿಗೆಯಲ್ಲಿ ಬೆಳಗಾವಿಯ ದಂಡಿನ ಕ್ಯಾಂಪಿನಿಂದ ಕರೆ ಬಂತು. ಕುದುರೆ ಲಾಯದ ಸಾಲೊಂದಕ್ಕೆ ಹೊಸ ಹಂಚು ಹೊದಿಸಬೇಕಂತೆ, ಮುಂಗಾರಿನ ಮಿರಗದ ಮಳೆ ಬೀಳುವುದರೊಳಗೆ. ನಮಗೆ ಅದು ಬರೀ ಒಂದು ಲಾಯವಾಗಿರಲಿಲ್ಲ. ಆಗಲೇ ಮಂಗಳೂರಿನ ಚಪ್ಪಟೆ ಹಂಚು ರೈಲಿನಲ್ಲಿ ಬರತೊಡಗಿತ್ತು. ಅದು ಒಂದು ಸಲ ಕ್ಯಾಂಪಿನ ಮಾಡು ಹತ್ತಿತೆಂದರೆ ಪೇಟೆಯವರೂ ಅದನ್ನೇ ಕೇಳುತ್ತಾರೆ, ನಮ್ಮ ಚಕ್ರ ನಿಲ್ಲುತ್ತದೆ. ಲಾಯ ನಮ್ಮ ಕೈಗೆ ಬರಲೇಬೇಕಿತ್ತು.

ಅಪ್ಪ, ನಾನು ಹೋದೆವು. ಸಾಹೇಬ ಕುರ್ಚಿಯಲ್ಲಿದ್ದ. ನಡುವೆ ಮಾತು ದಾಟಿಸಲು ಒಬ್ಬ ಕಾರಕೂನ.

“ಮಿರಗದೊಳಗ ಎಲ್ಲಾ ಹಂಚು ಮುಟ್ಟಸ್ತೀರೇನು ಅಂತ ಕೇಳ್ತಾರ ಸಾಹೇಬ್ರು” ಎಂದ ಕಾರಕೂನ.

ಅಪ್ಪ ರುಮಾಲು ಸರಿಮಾಡಿಕೊಂಡು ತನ್ನ ಹಳೆಯ ಮಾತನ್ನೇ ಆಡಿದ: “ಭಟ್ಟಿ ತಗದ ಮ್ಯಾಲ ನೋಡೂಣು ರೀ.”

ಕಾರಕೂನ ಅದನ್ನು ಇಂಗ್ಲಿಷಿಗೆ ಹಾಕಿದ. ‘ಮೇ’ ಎಂಬ ಸದ್ದು ಎರಡು ಸಲ ನನ್ನ ಕಿವಿಗೆ ಬಿತ್ತು. ಸಾಹೇಬನ ಮುಖ ಬಿಗಿಯಿತು. ಬರುವ ಶನಿವಾರ ಖಚಿತ ಉತ್ತರ ತಂದರೆ ಸರಿ, ಇಲ್ಲವಾದರೆ ಮಂಗಳೂರು ಹಂಚು ತರಿಸುವುದಾಗಿ ತಿಳಿಸಿ ನಮ್ಮನ್ನು ಹೊರಗೆ ಕಳಿಸಿದ.

ವರಾಂಡದಲ್ಲಿ ನಾನು ಕಾರಕೂನನನ್ನು ಹಿಡಿದೆ. “ಸಾಹೇಬ್ರಿಗೆ ಏನ ಹೇಳಿದ್ರಿ ರಾಯರ?”

“ನಿಮ್ಮಪ್ಪ ಅಂದದ್ದ ಹೇಳೀನಿ. ಕೊಟ್ಟರೂ ಕೊಡಬಹುದು, ಕೊಡದಿದ್ದರೂ ಇರಬಹುದು ಅಂತ. ನೋಡೂಣು ಅಂದ್ರ ಮತ್ತೇನಪಾ?”

“ಭಟ್ಟಿ ಪಾಲು ತಗದ ಇಡ್ತೀವಿ, ಅದನ್ನ ಹೇಳಬೇಕಿತ್ತಲ್ರಿ!”

“ನಿಮ್ಮಪ್ಪ ಹೇಳಿದ್ನೇನು? ಬಾಯಾಗ ಇಲ್ಲದ್ದನ್ನ ಸೇರಿಸಿ ಹೇಳಾಕ ನಾ ಏನ ನಿಮ್ಮ ಮನಿ ಪುರೋಹಿತನ?”

ಮೈ ಉರಿದುಹೋಯಿತು. ಏಳು ವರ್ಷ ಮಣ್ಣು ತುಳಿದ ಕಾಲು, ಸುಟ್ಟ ಕೈ, ಇವು ಯಾವುದಕ್ಕೂ ಬೆಲೆಯಿಲ್ಲ. ಒಂದು ಚಿಲ್ಲರೆ ಸದ್ದು ನಮ್ಮನ್ನು ನಂಬಿಕೆಗೆ ಬಾರದವರನ್ನಾಗಿ ಮಾಡಿತ್ತು.

ಹಿಂದಿರುಗುವಾಗ ದೇಸೂರ ಸ್ಟೇಶನ್ನಿನಲ್ಲಿ ಅಪ್ಪನನ್ನು ಮುಂದೆ ಕಳಿಸಿ ನಾನು ಇಳಿದೆ. ಅಲ್ಲಿ ನನ್ನ ಸೋದರಮಾವ ಇದ್ದ. ಕ್ಯಾಂಪಿನ ಬಂಗಲೆಯೊಂದರಲ್ಲಿ ಬಹಳ ವರ್ಷ ಅಡುಗೆ ಮಾಡಿ ಊರು ಸೇರಿದವನು. ಒಲೆಯ ಮೇಲೆ ಚಹಾ ಇಟ್ಟುಕೊಂಡೇ ನನ್ನ ಗೋಳು ಕೇಳಿದ.

“ಅಳಿಯಾ, ಅವರ ಭಾಷಾದಾಗ ದೊಡ್ಡ ಮಾತಿಗೆ ಅಂಜಬ್ಯಾಡ. ಎಲ್ಲಾ ಆಟ ಸಣ್ಣ ಮಾತಿನಾಗ ಐತಿ. ಕ್ಯಾನ್ ಅಂದ್ರ ತೋಳಿನ ಮಾತು. ಎತ್ತತೀಯೇನು, ಎತ್ತತೀನಿ. ಮೇ ಅಂದ್ರ ಬಾಗಲದ ಮಾತು. ಒಳಗ ಬರ್ಲ್ಯಾ ಅಂತ ನಿಂತಾಗ ಅನ್ನೂದು. ಮಳಿ ಬಂದೀತು ಅನ್ನಾಕೂ ಅದ.”

“ಸಾಹೇಬ ಮಸ್ಟ್ ಮಸ್ಟ್ ಅಂತಿದ್ದ, ಅದು?”

“ಅದು ಕುತ್ತಿಗಿ ಮ್ಯಾಲಿನ ಕೈ. ನಾ ಅದನ್ನ ಭಾಳ ಕೇಳೀನಿ, ಒಮ್ಮೆನೂ ಅಂದಿಲ್ಲ. ವಿಲ್ ಅಂದ್ರ ಮಾತು ಕೊಟ್ಟಂಗ. ನಿಮ್ಮ ಸಾಹೇಬಗ ಬೇಕಾದದ್ದು ಅದ. ಮತ್ತ ಏನರ ಕೇಳೂದಿದ್ರ ಮುಂದ ಡು ಅಂತ ಒಂದು ಹಚ್ಚಬೇಕು.”

“ಯಾಕ?”

“ಯಾಕ ಅಂತ ಎತ್ತಿನ ಕೊರಳಾಗಿನ ಗಂಟಿ ಕೇಳ್ತೀಯೇನು? ಗಂಟಿ ಬಂತಂದ್ರ ಹಿಂದ ಬಂಡಿ ಬರ್ತೈತಿ, ತಿಳಕೊ.”

ಆಮೇಲೆ ಅವನು ನಗುತ್ತ ಇನ್ನೊಂದು ಹೇಳಿದ. ಮೇಮಸಾಹೇಬರು ಮೇಜಿನ ಮೇಲೆ ಉಪ್ಪು ಇಲ್ಲದಿದ್ದರೆ ‘ಕುಡ್’ ಹಚ್ಚಿ ಕೇಳುತ್ತಿದ್ದರಂತೆ, ತರಲಾದೀತೇ ಎಂದು. “ಮೊದಲನೇ ದಿನ ನಾನೂ ಖುಷಿಲೆ ನಿಂತೆ, ಆದೀತು ಅಂತ ಗೋಣು ಹಾಕಿದೆ. ಬಟ್ಲರ್ ಬಂದು ಡುಬ್ಬಕ್ಕ ಗುದ್ದಿದ. ಅದು ಕೇಳೂದಲ್ಲೋ, ಹುಕುಮು! ಮೆತ್ತಗ ಅಂದ ಹುಕುಮು.”

ಮಾವ ನಕ್ಕ, ನನಗೆ ನಗು ಬರಲಿಲ್ಲ. ಮೇಜಿನ ಮುಂದೆ ಕುಳಿತವರು ‘ತರಬೇಕು’ ಎಂಬುದನ್ನು ‘ತರಲಾದೀತೇ’ ಎಂದರೆ ಅದು ನಯ. ಎದುರಿಗಿದ್ದವನು ಒಳಗಿನ ಅರ್ಥ ತಿಳಿದುಕೊಳ್ಳಬೇಕು, ತಿಳಿಯದಿದ್ದರೆ ಗುದ್ದು. ನನ್ನ ಅಪ್ಪ ‘ಕೊಡುತ್ತೇವೆ’ ಎಂಬುದನ್ನು ‘ನೋಡೂಣು’ ಎಂದರೆ ಅದು ಮಾತ್ರ ಅನುಮಾನ! ಅವರ ನಯವನ್ನು ನಾವು ಬೆನ್ನು ಬಾಗಿಸಿ ಕಲಿಯಬೇಕು, ನಮ್ಮ ನಯವನ್ನು ಕೇಳುವ ಕಿವಿ ಅವರಿಗೆ ಇಲ್ಲ. ಇದು ಯಾವ ಊರಿನ ನ್ಯಾಯ?

ಶನಿವಾರ ಹೊರಡುವಾಗ ಅಪ್ಪನಿಗೆ ಹೇಳಿದೆ, “ಇವತ್ತ ನಾ ಮಾತಾಡ್ತೀನಿ.”

“ಆಡು. ಆದ್ರ ಬೆಂಕಿ ಹೆಸರಿಲೆ ಆಣಿ ಇಡಬ್ಯಾಡ ತಮ್ಮಾ.”

ಅಪ್ಪನ ಜೋಳಿಗೆಯಲ್ಲಿ ಒಂದು ಒಳ್ಳೆಯ ಹಂಚು, ಒಂದು ಸೊಟ್ಟ ಹಂಚು ಇಟ್ಟುಕೊಂಡೆ. ಸಾಹೇಬನ ಮುಂದೆ ಕಾರಕೂನ ಬಾಯಿ ತೆರೆಯುವುದರೊಳಗೆ ಎರಡನ್ನೂ ಮೇಜಿನ ಮೇಲಿಟ್ಟೆ. ಸೊಟ್ಟದ್ದನ್ನು ಮುಟ್ಟಿ, ಮಾವನಿಂದ ಬಾಯಿಪಾಠ ಮಾಡಿಕೊಂಡಿದ್ದ ಇಂಗ್ಲಿಷಿನಲ್ಲಿ “ಫೈರ್ ಮೇ ಬ್ರೇಕ್” ಎಂದೆ. ಒಳ್ಳೆಯದನ್ನು ಮುಟ್ಟಿ “ವಿ ಮೇಕ್ ಮೋರ್. ವಿ ವಿಲ್ ಗಿವ್ ಆಲ್” ಎಂದೆ. ಕಾರಕೂನ ಕರವಸ್ತ್ರ ಬಾಯಿಗಿಟ್ಟು ನಕ್ಕ. ನಾನು ಅವನ ಕಡೆ ತಿರುಗಿ ಕನ್ನಡದಲ್ಲೇ ಗದರಿದೆ: “ನಕ್ಕೊಂತ ನಿಂದ್ರಬ್ಯಾಡ್ರಿ. ಕಾಲುಪಾಲು ಭಟ್ಟಿಗಿ ಅಂತ ಹೆಚ್ಚಿಗಿ ಸುಡ್ತೀವಿ, ಅದಕ್ಕ ಸಾಹೇಬ್ರಿಗೆ ಕೊಡೂ ಲೆಕ್ಕ ತಪ್ಪೂದಿಲ್ಲ ಅಂತ ಸರಿಯಾಗಿ ಹೇಳ್ರಿ. ಈಗ ನಮ್ಮ ಬಾಯಾಗ ಐತಿ.” ಅವನು ಹೇಳಿದ, ಈ ಸಲ ನೆಟ್ಟಗೇ ಹೇಳಿದ.

ಸಾಹೇಬ ಸೊಟ್ಟ ಹಂಚನ್ನು ತಿರುಗಿಸಿ ನೋಡಿ ಲಾಯವನ್ನು ನಮಗೇ ಕೊಟ್ಟ. ಏಳುವಾಗ “ಯು ಶುಡ್ ಹ್ಯಾವ್ ಸೆಡ್ ಸೋ” ಎಂದ. ಹಿಂದಿರುಗುವಾಗ ಮಾವನ ಬಳಿ ಅದರ ಅರ್ಥ ಕೇಳಿದೆ. “ಮೊದಲ ಹೇಳಬೇಕಿತ್ತು, ಹೇಳದಿದ್ದದ್ದು ನಿಮ್ಮ ತಪ್ಪು ಅಂತ ಸಿಟ್ಟಿಲ್ಲದ ಅಂದಾನ” ಎಂದ ಮಾವ. ಕೇಳಬೇಕಾದವನು ಕೇಳದೆ, ಹೇಳಬೇಕಾದವನು ಹೇಳದೆ, ತಪ್ಪು ಮಾತ್ರ ಮಣ್ಣಿನ ಕೈಯವನದು! ಆ ‘ಶುಡ್’ ಅನ್ನು ನಾನು ಇಂದಿಗೂ ಮರೆತಿಲ್ಲ.

ಅಪ್ಪ ಭಟ್ಟಿ ತೆರೆಯುವ ತನಕ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆಡಬಾರದ್ದನ್ನು ಆಡಿಬಂದ ಮಗ ನಾನು. ತೆರೆದ ದಿನ ಅಪ್ಪ ಬೂದಿ ಸರಿಸಿ ಮೊದಲ ಹಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿದ. ಕಂಚಿನಂತೆ ಸದ್ದು ಬಂತು. ಎರಡನೆಯದೂ ಹಾಗೇ. ಭಟ್ಟಿ ತನ್ನ ಪಾಲಿಗಿಂತ ಕಡಿಮೆಯನ್ನೇ ತಿಂದಿತ್ತು.

“ಫೈರ್ ಮೇ” ಎಂದು ಅಪ್ಪ ತನ್ನಷ್ಟಕ್ಕೆ ಅಂದ. “ಆ ಮೇ ಅನ್ನೂದನ್ನ ಬೆಂಕಿಗಿ ಬಿಟ್ಟಿಯಲ್ಲ, ಚಲೋ ಆತು.”

ಮಿರಗದ ಮಳೆ ಬಿದ್ದಾಗ ಕುದುರೆಗಳು ಒಣ ಹುಲ್ಲಿನ ಮೇಲೆ ನಿಂತಿದ್ದವು. ಉಳಿದ ಲಾಯಗಳನ್ನೂ ಮಾಡುವಿರಾ ಎಂದು ಮುಂದಿನ ವರ್ಷ ಸಾಹೇಬ ಕೇಳಿಸಿದಾಗ ಅಪ್ಪ ‘ನೋಡೂಣು’ ಎಂದೇ ಅಂದ. ಕಾರಕೂನ ಅದನ್ನು ‘ವಿಲ್’ ಎಂದು ದಾಟಿಸಿದ.

ಈಗ ನನಗಿರುವುದು ಎರಡು ಭಟ್ಟಿ, ಮೂರು ಚಕ್ರ, ಒಂದು ಬಂಡಿ, ಒಂದು ಜೋಡಿ ಎತ್ತು, ಇಂಗ್ಲಿಷಿನ ಏಳು ಸಣ್ಣ ಮಾತು.