ಪೆಟಗಿ ಸಾಹೇಬರಿಗೆ ಅವ್ವ ಕೊಟ್ಟ ಮಾತುಗಳು

ಸಿಟ್ಟು ಬಂದರೆ ನನ್ನ ಅವ್ವನ ಧ್ವನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಬೇರೆ ಹೆಂಗಸರು ಜಗಳಕ್ಕೆ ನಿಂತರೆ ಮೂರು ಓಣಿ ಆಚೆಗೂ ಕೇಳುತ್ತಿತ್ತು. ಅವ್ವ ಮಾತ್ರ ಕೂಸನ್ನು ಮಲಗಿಸುವವಳ ಹಾಗೆ ಮೆತ್ತಗೆ, ಒಂದೊಂದೇ ಮಾತು ಬಿಡಿಸಿ ಆಡುತ್ತಿದ್ದಳು. ಆ ಧ್ವನಿ ಕಿವಿಗೆ ಬಿದ್ದ ಕೂಡಲೇ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಬಯ್ದು ಮರೆತುಬಿಡುವ ಪೈಕಿಯವಳಲ್ಲ ಅವಳು. “ಮರತ್ರ ಮಂದಿ ಮತ್ತ ಮಾಡ್ತಾರ” ಎಂಬುದು ಅವಳೇ ಕಟ್ಟಿಕೊಂಡ ಗಾದೆ.

ಹೆಸರು ನೀಲವ್ವ. ತವರು ಇಂಡಿ ಕಡೆಯ ಒಂದು ಹಳ್ಳಿ. ಆ ಕಾಲದಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂತ ಹುಡುಗಿಯರೇ ಅಪರೂಪ. ಅವಳು ಇಂಡಿಗೆ ಹೋಗಿ ಕೂತು, ಪಾಸಾಗಿ ಬಂದಿದ್ದಳು. ಅವಳ ಅಕ್ಷರ ಅಚ್ಚು ಒತ್ತಿದ ಹಾಗೆ ಇರುತ್ತಿತ್ತು. ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಅಪ್ಪ ತಮ್ಮ ಲೇಖನಗಳ ಕರಡನ್ನು ಅವಳ ಕೈಯಿಂದಲೇ ನಕಲು ಮಾಡಿಸುತ್ತಿದ್ದರು.

ಅವಳ ನೆನಪಿನ ಉದ್ದ ಎಷ್ಟೆಂದು ನಮ್ಮ ಬಳಗಕ್ಕೆ ಗೊತ್ತಾದದ್ದು ಸಿಂದಗಿಯಲ್ಲಿ. ಅವಳ ಮದುವೆಯ ಚಪ್ಪರದಲ್ಲಿ, ಬಸವನ ಬಾಗೇವಾಡಿಯಲ್ಲಿದ್ದ ಅಪ್ಪನ ಸೋದರತ್ತೆ ನಾಲ್ಕು ಮಂದಿಯ ಎದುರಿಗೆ, “ಹುಡುಗಿ ಚೊಲೊ ಅದಾಳ, ಖರೆ ಬಾಯಿ ಒಂದೀಟು ದೊಡ್ಡದಾತು” ಅಂದಿದ್ದರಂತೆ. ಅವ್ವ ತಲೆ ಬಗ್ಗಿಸಿ ಕೂತಿದ್ದಳು. ಹನ್ನೊಂದು ವರ್ಷ ಕಳೆಯಿತು. ಅದೇ ಅತ್ತೆ ತಮ್ಮ ಮಗನಿಗೆ ಸಿಂದಗಿಯ ಹೆಣ್ಣು ನೋಡಲು ಹೊರಟಾಗ, ಮಾತು ಬಲ್ಲವಳೆಂದು ಅವ್ವನನ್ನು ಜೊತೆಗೆ ಕರೆದೊಯ್ದರು. ಅಲ್ಲಿ ಅವ್ವ ಚಹಾ ಕುಡಿದಳು, ಅವಲಕ್ಕಿ ತಿಂದಳು, ಒಂದು ಮಾತೂ ಆಡಲಿಲ್ಲ. ಬೀಗರು ಮುಖ ಮುಖ ನೋಡಿಕೊಂಡರು. ಅತ್ತೆ ಮೊಣಕೈಯಿಂದ ತಿವಿದು, “ಏನರ ಮಾತಾಡವಾ ನೀಲಾ” ಅಂದಾಗ, ಅವ್ವ ಮೆತ್ತಗೆ, “ನನ್ನ ಬಾಯಿ ದೊಡ್ಡದೈತಿ ಅತ್ತಿ, ಮಂದಿ ಮನ್ಯಾಗ ಹ್ಯಾಂಗ ತಗೀಲಿ?” ಅಂದಳು. ಆ ಸಂಬಂಧ ಕೂಡಲಿಲ್ಲ.

ಇಂಥ ಅವ್ವನನ್ನು ಕರೆದುಕೊಂಡು ಅಪ್ಪ ಎಪ್ಪತ್ತರ ದಶಕದ ಆರಂಭದಲ್ಲಿ ಜರ್ಮನಿಗೆ ಹೋದರು. ಅಲ್ಲಿಯ ಒಂದು ಸಣ್ಣ ಊರಿನ ವಿಶ್ವವಿದ್ಯಾಲಯದಲ್ಲಿ ಭಾರತೀಯ ಭಾಷೆಗಳ ವಿಭಾಗವಿತ್ತು. ಅದರ ಮುಖ್ಯಸ್ಥರು ಅಪ್ಪನ ಲೇಖನವೊಂದನ್ನು ಓದಿ, ಎರಡು ವರ್ಷ ಸಂದರ್ಶಕ ಅಧ್ಯಾಪಕರಾಗಿ ಕನ್ನಡ ಕಲಿಸಲು ಕರೆದಿದ್ದರು. ಮುಂದೆ ಅವರ ಸಹಿ ಬಿದ್ದರೆ ಮೂರನೆಯ ವರ್ಷವೂ ಸಿಗುತ್ತಿತ್ತು, ಆಮೇಲೆ ಕಾಯಂ ಆಗುವ ಆಸೆಯೂ ಇತ್ತು. ಅವರಿಗೆ ಒಬ್ಬಳೇ ಮಗಳು ನಾನು, ನನಗಾಗ ಹತ್ತು ವರ್ಷ. ಎರಡು ಡಬ್ಬಿ ಜೋಳದ ಹಿಟ್ಟು, ಒಂದು ಡಬ್ಬಿ ಶೇಂಗಾ ಚಟ್ನಿ, ಮೂರು ಇಳಕಲ್ ಸೀರೆ ಹೊತ್ತುಕೊಂಡು ನಾವು ನಾಲ್ಕನೆಯ ಅಂತಸ್ತಿನ ಎರಡು ಕೋಣೆಗಳ ಮನೆ ಸೇರಿದೆವು. ಹಿಮ ಬೀಳುವುದನ್ನು ಮೊದಲ ಸಲ ಕಂಡ ಅವ್ವ ಕಿಟಕಿಯಲ್ಲಿ ಬಹಳ ಹೊತ್ತು ನಿಂತು, “ಮ್ಯಾಲೆ ಯಾರೋ ಹತ್ತಿ ಹಿಂಜಾಕತ್ತಾರ ನೋಡ” ಅಂದಳು. ಹಿಟ್ಟು ಎರಡು ತಿಂಗಳಲ್ಲಿ ಮುಗಿಯಿತು. ಅಲ್ಲಿಯ ಯಾವ ಹಿಟ್ಟಿನಲ್ಲೂ ರೊಟ್ಟಿ ಬಡಿಯಲು ಬರಲಿಲ್ಲ. ಅಪ್ಪನಿಗೆ ಪಾಠ ಇತ್ತು, ನನಗೆ ಸಾಲೆ ಇತ್ತು. ಅವ್ವನಿಗೆ ಆ ಕಿಟಕಿಯೊಂದೇ.

ಆಗ ಬಂದವರು ಆ ಮುಖ್ಯಸ್ಥರು. ಕನ್ನಡ ಓದಿ ಕಲಿತವರು, ಮಾತೆಲ್ಲ ಪುಸ್ತಕದ್ದು. ಬಾಗಿಲಲ್ಲೇ ಕೈಮುಗಿದು, “ಅಮ್ಮನವರೇ, ತಮ್ಮ ಪ್ರಾಂತದ ನುಡಿಯನ್ನು ನಾನು ಸಂಗ್ರಹಿಸಬೇಕೆಂದಿರುವೆನು. ತಾವು ಸಹಾಯ ಮಾಡುವಿರೇ?” ಎಂದು ಕೇಳಿದರು. ಕೈಯಲ್ಲಿ ಟೇಪ್ ರೆಕಾರ್ಡರಿನ ದೊಡ್ಡ ಪೆಟ್ಟಿಗೆ. ಅವತ್ತಿನಿಂದ ಅವ್ವ ಅವರನ್ನು ಕರೆದದ್ದೇ ಪೆಟಗಿ ಸಾಹೇಬರು ಎಂದು.

ಪ್ರತಿ ಗುರುವಾರ ಮಧ್ಯಾಹ್ನ, ಅಪ್ಪ ತರಗತಿಯಲ್ಲಿರುವ ಹೊತ್ತಿಗೆ, ಅವರು ಬರುತ್ತಿದ್ದರು. ಸುರುಳಿ ತಿರುಗುತ್ತಿತ್ತು, ಅವ್ವ ಮಾತಾಡುತ್ತಿದ್ದಳು. ಬಿತ್ತುವ ಮಾತು, ಬಾಣಂತನದ ಮಾತು, ಬೀಸುವ ಹಾಡು, ಬೈಗುಳ. ಸಾಲೆಯಿಂದ ಬೇಗ ಬರುತ್ತಿದ್ದ ನಾನು ಮೂಲೆಯಲ್ಲಿ ಕೂತು ಕೇಳುತ್ತಿದ್ದೆ. ಅವಳ ಮುಖದಲ್ಲಿ ಅಂಥ ಕಳೆ ನಾನು ಹಿಂದೆ ಕಂಡಿರಲಿಲ್ಲ. ಅವಳ ಮಾತನ್ನು ಯಾರೂ ಹೀಗೆ ಮುಂದೆ ಬಾಗಿ ಕೂತು ಕೇಳಿರಲಿಲ್ಲ. ಸುರುಳಿಯ ಡಬ್ಬಿಗಳ ಮೇಲೆ ಅದರಲ್ಲಿ ಏನಿದೆ ಎಂದು ಕನ್ನಡದಲ್ಲಿ ಬರೆದು ಅಂಟಿಸಿದವಳೂ ಅವಳೇ. ಸಾಹೇಬರ ಟಿಪ್ಪಣಿಯಲ್ಲಿ ಒತ್ತಕ್ಷರ ತಪ್ಪಿದ್ದರೆ ತಿದ್ದುತ್ತಿದ್ದಳು.

ಒಂದು ಗುರುವಾರ ಅವಳೇ ಕೇಳಿದಳು: “ಪುಸ್ತಕದಾಗ ನನ್ನ ಹೆಸರ ಬರತೈತೇನ್ರಿ?”

“ಖಂಡಿತವಾಗಿಯೂ ಬರುವುದು, ಅಮ್ಮನವರೇ.”

ಅವತ್ತು ಅವ್ವ ಊರಿಗೆ ಕಾಗದ ಬರೆದಳು. ತನ್ನ ಹೆಸರು ಅಚ್ಚಾಗುತ್ತದೆಂದು ಇಂಡಿಯ ತವರಿಗೆ, ಸಿಂದಗಿಯಲ್ಲಿದ್ದ ತಂಗಿಗೆ, ಬಾಗೇವಾಡಿಯ ಅತ್ತೆಗೆ ಸಹ.

ಮರುವರ್ಷ ಸಾಹೇಬರು ಒಂದು ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಮುಂದೆ ಬರಲಿರುವ ದೊಡ್ಡ ನಿಘಂಟಿನ ಮುನ್ಸೂಚನೆ ಅದು. ಅಪ್ಪ ಅದನ್ನು ಮೇಜಿನ ಮೇಲೆ ಇಟ್ಟಿದ್ದರು. ಅಷ್ಟು ಹೊತ್ತಿಗೆ ನನಗೆ ಜರ್ಮನ್ ಚೆನ್ನಾಗಿ ಬರುತ್ತಿತ್ತು. ಅವ್ವ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. “ನನ್ನ ಹೆಸರ ಎಲ್ಲೈತಿ ತೋರ್ಸು.”

ನಾನು ಹುಡುಕಿದೆ. ಮೊದಲ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು. ಅದನ್ನು ಎರಡು ಸಲ ಓದಿದೆ.

“ಏನಂತೈತಿ? ಹೇಳ.”

“ಮಾತು ಹೇಳಿದವಳು ಒಬ್ಬ ಒಕ್ಕಲಗಿತ್ತಿ. ಸುಮಾರು ಮೂವತ್ತೈದು ವರ್ಷ. ಓದು ಬರಹ ಬರೂದಿಲ್ಲ. ಹಂಗಂತೈತಿ ಅವ್ವಾ.”

“ನೀಲವ್ವ ಅಂತ ಎಲ್ಲೂ ಇಲ್ಲೇನು?”

“ಇಲ್ಲ.”

ಅವ್ವ ಆ ಸಾಲಿನ ಮೇಲೆ ಬೆರಳಿಟ್ಟು ಕೂತಳು. ಅವಳಿಗೆ ಓದು ಬಾರದೆಂದು ಅವಳು ಓದಲಾರದ ಲಿಪಿಯಲ್ಲಿ ಬರೆದಿತ್ತು. ಅಪ್ಪ ಬಂದ ಮೇಲೆ ಕೇಳಿದಳು. ಅಪ್ಪನಿಗೆ ಮೊದಲೇ ಗೊತ್ತಿತ್ತು. ಅಚ್ಚಿಗೆ ಹೋಗುವ ಮುಂಚೆ ಕರಡು ನೋಡಿದವರೇ ಅವರು.

“ಅದು ಶಾಸ್ತ್ರದ ಪದ್ಧತಿ ನೀಲಾ. ಓದಿದವರ ಮಾತಿಗೆ ಬೆಲಿ ಇಲ್ಲ. ಓದಲಾರದವರ ಮಾತು ಅಂದ್ರ ಶುದ್ಧ ಅಂತ ನಂಬ್ತಾರ. ಈಗ ತಕರಾರು ತಗೀಬ್ಯಾಡ. ಮುಂದಿನ ವರ್ಷದ ಕಾಗದಕ್ಕ ಅವರ ಸಹಿ ಬೇಕು.”

“ಮುಲ್ಕಿ ಪಾಸಾಗೇನಿ ಅಂತ ನಿಮಗ ಗೊತ್ತಿತ್ತಲ್ರಿ?”

“ಗೊತ್ತಿತ್ತು.”

“ಆತು ಬಿಡ್ರಿ,” ಅಂದಳು ಅವ್ವ. ಧ್ವನಿ ಕೇಳಿಸಲಾರದಷ್ಟು ಇಳಿದಿತ್ತು. ಎದ್ದು ಹೊರಗೆ ಹೋಗಲು ಅಲ್ಲಿ ಓಣಿ ಇರಲಿಲ್ಲ. ನಾನು ಕಂಬಳಿಯೊಳಗೆ ತಲೆ ಹಾಕಿಕೊಂಡೆ.

ಮುಂದಿನ ಗುರುವಾರ ಅವಳು ಸಾಹೇಬರಿಗೆ ಕಾಫಿ ಮಾಡಿಕೊಟ್ಟಳು, ಉಂಡಿ ಕೊಟ್ಟಳು. ಸುರುಳಿ ತಿರುಗಿತು.

“ನೆಲದೊಳಗೆ ಕಾಳು ತುಂಬಿಡುವ ಹಗೇವಿನ ತಳದಲ್ಲಿ ಉಳಿದ ಜೋಳಕ್ಕೆ ಏನು ಹೆಸರು ಅಮ್ಮನವರೇ?”

“ಅದಕ್ಕ ತೊಗಸಲ ಅಂತಾರ್ರಿ.”

ನಾನು ತಲೆಯೆತ್ತಿ ನೋಡಿದೆ. ಅಂಥ ಮಾತು ನಾನು ಕೇಳಿರಲಿಲ್ಲ. ಅವ್ವ ನನ್ನ ಕಡೆ ತಿರುಗಲೇ ಇಲ್ಲ.

“ಗಂಡ ಊರಿಗೆ ಹೋದಾಗ ಹೇಣ್ತಿ ಒಬ್ಬಾಕೇ ಕುಂತು ಉಣ್ಣೂ ಊಟಕ್ಕ ಗಿಂಜುರಿ ಅಂತಾರ್ರಿ. ನೀವು ಅದನ್ನ ಕೇಳೇ ಇಲ್ಲ.”

ಸಾಹೇಬರ ಕಣ್ಣು ಅರಳಿತು. “ಅದಕ್ಕೆ ಪ್ರತ್ಯೇಕವಾದ ಒಂದು ಶಬ್ದವೇ ಇರುವುದೇ! ಅದ್ಭುತ! ದಯವಿಟ್ಟು ಇನ್ನೊಮ್ಮೆ ಉಚ್ಚರಿಸಿರಿ.”

“ಗಿಂ-ಜು-ರಿ,” ಅಂದಳು ಅವ್ವ, ತಾಯಿ ಮಗುವಿಗೆ ಕಲಿಸುವ ಹಾಗೆ.

ಎಂಟು ತಿಂಗಳು ಹೀಗೇ ನಡೆಯಿತು. ಹತ್ತು ನಿಜದ ಮಾತು ಹೇಳಿದರೆ ಒಂದು ಹುಸಿ ಮಾತು. ಮುಂಜಾನೆ ಪಾತ್ರೆ ತೊಳೆಯುವಾಗ ಅವಳ ತುಟಿ ಅಲ್ಲಾಡುತ್ತಿತ್ತು; ಮಾತು ಕಟ್ಟುತ್ತಿದ್ದಳು. ಯಾವುದನ್ನೂ ಎಲ್ಲೂ ಬರೆದಿಡಲಿಲ್ಲ. ಒಮ್ಮೆ ಹೇಳಿದ್ದನ್ನು ಸಾಹೇಬರು ಮೂರು ತಿಂಗಳು ಬಿಟ್ಟು ಪರೀಕ್ಷೆಗೆಂದು ಮತ್ತೆ ಕೇಳಿದರೂ ಒಂದಕ್ಷರ ಆಚೀಚೆ ಆಗುತ್ತಿರಲಿಲ್ಲ. ನನಗೆ ಹೆದರಿಕೆಯಾಗುತ್ತಿತ್ತು, ಖುಷಿಯೂ ಆಗುತ್ತಿತ್ತು. ಅಪ್ಪನಿಗೆ ನಾನು ಹೇಳಲಿಲ್ಲ. ಅವ್ವ ನನಗೆ ಹೇಳಬೇಡ ಅಂದೂ ಇರಲಿಲ್ಲ.

ನಿಘಂಟು ಬಂತು. ರಟ್ಟಿನ ಮೇಲೆ ಬಂಗಾರದ ಬಣ್ಣದ ಅಕ್ಷರ, ಸಾಹೇಬರ ಹೆಸರು. ಒಳಗೆ ಮತ್ತದೇ ಓದು ಬಾರದ ಒಕ್ಕಲಗಿತ್ತಿ. ವಿಶ್ವವಿದ್ಯಾಲಯದ ಸಭಾಗೃಹದಲ್ಲಿ ಅವರ ಉಪನ್ಯಾಸ ಇಟ್ಟಿದ್ದರು. ನಾವು ಮೂವರೂ ಮೊದಲ ಸಾಲಿನಲ್ಲಿದ್ದೆವು. ಅವ್ವ ಕಡುನೀಲಿಯ ಇಳಕಲ್ ಸೀರೆ ಉಟ್ಟಿದ್ದಳು. ಒಂದು ಗಂಟೆ ಮಾತಾಡಿದ ಮೇಲೆ ಸಾಹೇಬರು ಅವಳ ಕಡೆ ಕೈ ತೋರಿಸಿ, ನಿರಕ್ಷರ ಹೆಣ್ಣುಮಗಳ ಬಾಯಲ್ಲಿ ಭಾಷೆ ಎಷ್ಟು ನಿರ್ಮಲವಾಗಿ ಉಳಿದಿದೆ ನೋಡಿ ಎಂದು ಜರ್ಮನ್‌ನಲ್ಲಿ ಹೇಳಿದರು. ಅವರು ಏನಂದರೆಂದು ಅವ್ವ ನನ್ನನ್ನು ಕೇಳಿದಳು, ನಾನು ಹೇಳಿದೆ. ಸಾಹೇಬರು ಕನ್ನಡಕ್ಕೆ ಹೊರಳಿ, “ಅಮ್ಮನವರೇ, ಮೇಲೆ ಬಂದು ಕೆಲವು ಶಬ್ದಗಳನ್ನು ನುಡಿದು ತೋರಿಸಿರಿ” ಅಂದರು.

ಅವ್ವ ಎದ್ದಳು. ನನ್ನ ಕೈ ಹಿಡಿದು ಎಬ್ಬಿಸಿದಳು. ಮೇಲೆ ಹೋಗಿ ನಿಂತು, “ನಾ ಹೇಳಿದ್ದು ಅವರ ಮಾತಿನಾಗ ನೀ ಹೇಳು” ಅಂದಳು. ಅಪ್ಪ ಕೆಳಗಿನಿಂದ ತಲೆ ಅಲ್ಲಾಡಿಸುತ್ತಿದ್ದರು, ಬೇಡ ಬೇಡ ಎಂದು.

“ನನ್ನ ಹೆಸರು ನೀಲವ್ವ. ನಾ ಮುಲ್ಕಿ ಪಾಸಾಗೇನಿ. ಇವರ ಡಬ್ಬಿ ಮ್ಯಾಲಿನ ಅಕ್ಷರೆಲ್ಲಾ ನಾನ ಬರದದ್ದು. ಓದಾಕ ಬರೂದಿಲ್ಲ ಅಂತ ಸುಳ್ಳು ಬರದ್ರು. ಅದಕ್ಕ ನಾನೂ ಒಂದಿಷ್ಟು ಸುಳ್ಳು ಕೊಟ್ಟೀನಿ. ಈ ಪುಸ್ತಕದಾಗ ಎಷ್ಟೋ ಮಾತು ನಮ್ಮ ಊರಿನ್ವು ಅಲ್ಲ. ನಾ ಕಟ್ಟಿದ್ವು. ಯಾವ್ಯಾವು ಅಂತ ಹೇಳೂದಿಲ್ಲ.”

ನಾನು ಅಪ್ಪನ ಕಡೆ ನೋಡದೆ ಅಷ್ಟನ್ನೂ ಜರ್ಮನ್‌ನಲ್ಲಿ ಹೇಳಿದೆ. ಹಿಂದಿನ ಸಾಲಿನಲ್ಲಿ ಒಬ್ಬ ವಿದ್ಯಾರ್ಥಿ ನಕ್ಕ. ಆಮೇಲೆ ಯಾರೂ ನಗಲಿಲ್ಲ. ಸಾಹೇಬರು ಕೈಯಲ್ಲಿದ್ದ ಪುಸ್ತಕ ತೆರೆದರು, ಮುಚ್ಚಿದರು, ಮತ್ತೆ ತೆರೆದು ನಿಂತರು. ಅವರ ಕಿವಿ ಕೆಂಪಾಗಿತ್ತು. ಅವ್ವ ಸೆರಗು ಸರಿಮಾಡಿಕೊಂಡು ಇಳಿದು ಬಂದಳು.

ಮೂರನೆಯ ವರ್ಷದ ಕಾಗದ ಬರಲಿಲ್ಲ. ನಾವು ಮುದ್ದೇಬಿಹಾಳಕ್ಕೆ ಮರಳಿದೆವು. ಅಪ್ಪ ಮತ್ತೆ ಅದೇ ಕಾಲೇಜು, ಅದೇ ಕುರ್ಚಿ. ಅವರಿಗಿಂತ ಚಿಕ್ಕವರು ಅಷ್ಟರಲ್ಲಿ ಅವರ ಮೇಲಿನವರಾಗಿದ್ದರು. ನನ್ನ ಜರ್ಮನ್ ಯಾರಿಗೂ ಬೇಕಾಗಲಿಲ್ಲ. ಎರಡೇ ವರ್ಷದಲ್ಲಿ ಮರೆತೆ. ಅಪ್ಪ ಅವ್ವನೊಡನೆ ಮಾತು ಬಿಟ್ಟಿದ್ದರು. ಏನಾದರೂ ಬೇಕಿದ್ದರೆ ನನ್ನ ಮೂಲಕ. ಒಂದು ದಿನ ಮಾತ್ರ ತಡೆಯಲಾರದೆ, “ಮಾಡೂ ಮದಲ ನನ್ನ ಒಂದು ಮಾತು ಕೇಳಬಾರದಿತ್ತ?” ಅಂದರು.

“ಕೇಳಿದ್ದೆ. ನೀವು ಪದ್ಧತಿ ಅಂದ್ರಿ.”

ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಮೂರು ವರ್ಷದ ಮೇಲೆ, ಒಂದು ಬೇಸಿಗೆಯ ಮಧ್ಯಾಹ್ನ, ಪೆಟಗಿ ಸಾಹೇಬರೇ ನಮ್ಮ ಬಾಗಿಲಿಗೆ ಬಂದು ನಿಂತರು. ಪೆಟ್ಟಿಗೆ ಇರಲಿಲ್ಲ. ಬಿಸಿಲಿಗೆ ಮೂಗು ಸುಲಿದಿತ್ತು. ಇಂಡಿ, ಸಿಂದಗಿ, ಬಾಗೇವಾಡಿ ಎಂದು ಒಂದೂವರೆ ತಿಂಗಳು ಬಸ್ಸಿನಲ್ಲಿ ಅಲೆದು, ಸಂತೆಯಲ್ಲಿ, ಹೊಲದಲ್ಲಿ, ಕಂಡಕಂಡವರನ್ನು ನಿಲ್ಲಿಸಿ ಪುಸ್ತಕದ ಮಾತುಗಳನ್ನು ಕೇಳಿದ್ದರು. ಕೆಲವರು ಇಲ್ಲ ಅಂದರಂತೆ. ಕೆಲವರು, ದೂರದಿಂದ ಬಂದವರಿಗೆ ಬೇಜಾರಾಗಬಾರದೆಂದು, ಎಲ್ಲದಕ್ಕೂ ಹೌದ್ರಿ ಹೌದ್ರಿ ಅಂದರಂತೆ. ಯಾವುದು ಖರೆ, ಯಾವುದು ಹುಸಿ ಎಂಬುದು ಅವರಿಗೆ ಇನ್ನಷ್ಟು ಕಲಸಿಹೋಗಿತ್ತು.

ಅವ್ವ ಕಾಲಿಗೆ ನೀರು ಕೊಟ್ಟಳು. ಬಿಸಿ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ, ಮೊಸರು, ಗುರೆಳ್ಳು ಚಟ್ನಿ ಬಡಿಸಿದಳು. ಎರಡನೆಯ ರೊಟ್ಟಿ ಬೇಡವೆಂದರೂ ಹಾಕಿದಳು. ಉಂಡು ಕೈತೊಳೆದ ಮೇಲೆ ಸಾಹೇಬರು ಪುಸ್ತಕವನ್ನು ಎರಡೂ ಕೈಯಿಂದ ಅವಳ ಮುಂದೆ ಇಟ್ಟರು.

“ಅಮ್ಮನವರೇ, ನಾನು ತಪ್ಪು ಮಾಡಿದೆನು. ಎರಡನೆಯ ಮುದ್ರಣದಲ್ಲಿ ನನ್ನ ಹೆಸರಿನ ಮೇಲೆ ತಮ್ಮ ಹೆಸರನ್ನು ಹಾಕುವೆನು. ಹದಿನಾರು ವರ್ಷ ಕನ್ನಡ ಕಲಿತ ನನ್ನ ಕೆಲಸವೆಲ್ಲವೂ ಇದರಲ್ಲಿರುವುದು. ಯಾವ ಶಬ್ದಗಳೆಂದು ದಯವಿಟ್ಟು ಗುರುತು ಮಾಡಿಕೊಡಿರಿ.”

ಬಾಗಿಲ ಬಳಿ ನಿಂತಿದ್ದ ಅಪ್ಪ ಅವ್ವನ ಮುಖ ನೋಡುತ್ತಿದ್ದರು. ನಾನೂ. ಅವಳು ಒಪ್ಪಿಬಿಡಲಿ ಎಂದು ನನಗೆ ಅನ್ನಿಸಿತು. ಆ ಮುದುಕರು ಪುಸ್ತಕದ ಪಕ್ಕದಲ್ಲಿ ತಮ್ಮ ಪೆನ್ನನ್ನೂ ತೆಗೆದಿಟ್ಟರು.

“ಹೆಸರು ಮದಲ ಹಾಕಬೇಕಿತ್ರಿ ಸಾಹೇಬ್ರ,” ಅಂದಳು ಅವ್ವ ಮೆತ್ತಗೆ. “ಆಗ ಹಾಕಿದ್ರ ಖರೇ ಮಾತಿಗೆ ಹಾಕಿದ್ಹಂಗ ಆಗ್ತಿತ್ತು. ಈಗ ನೀವು ಹಾಕೂದು ಹೆದರಿಕಿಗೆ. ಅದು ನನಗ ಬ್ಯಾಡ. ಹೊಂಡ್ರಿ, ವಿಜಾಪುರದ ಬಸ್ಸು ತಪ್ಪತೈತಿ.”

ಅಪ್ಪ ಅವರನ್ನು ಬಸ್ ಸ್ಟ್ಯಾಂಡಿನವರೆಗೆ ಬಿಟ್ಟುಬಂದರು. ಬಂದವರು ನೇರವಾಗಿ ಅಡಿಗೆಮನೆಯ ಹೊಸ್ತಿಲಿಗೆ ಹೋಗಿ, ನನ್ನ ಮೂಲಕ ಅಲ್ಲದೆ, ಅವಳಿಗೇ ಹೇಳಿದರು: “ಬಸ್ಸು ಹತ್ತೂ ಮುಂದ ಅತ್ತರು.”

“ಅಳಲಿ,” ಅಂದಳು ಅವ್ವ, ಒಲೆಯ ಕಡೆಯಿಂದ ತಿರುಗದೆ. ಆಮೇಲೆ ತಾಟು ಹಾಕಿ, “ಉಣ್ಣಾಕ ಕುಂದರ್ರಿ” ಅಂದಳು. ಅಪ್ಪ ಕೂತರು.

ಅಪ್ಪ ತೀರಿದ ಮೇಲೆ ಅವ್ವ ಬಸವನ ಬಾಗೇವಾಡಿಗೆ ನನ್ನ ಮನೆಗೆ ಬಂದಳು. ನಾನಾಗ ಅಲ್ಲಿ ಕನ್ನಡ ಸಾಲೆಯ ಮಾಸ್ತರಿಣಿ. ಕೊನೆಗೆ ಹಾಸಿಗೆ ಹಿಡಿದಳು. ಒಂದು ಮುಂಜಾನೆ ಗಂಜಿ ಕುಡಿಸುತ್ತ, “ಅವ್ವಾ, ಸಾಹೇಬರೂ ಈಗ ಇದ್ದಾರೋ ಇಲ್ಲೋ. ಆ ಮಾತು ಯಾವ್ಯಾವು ಅಂತ ನನಗರ ಹೇಳು” ಅಂದೆ.

ಅವಳು ಗಂಜಿಯ ಬಟ್ಟಲು ಸರಿಸಿದಳು. “ನಿನಗ್ಯಾಕ? ನೀನೂ ಪುಸ್ತಕಾ ಬರೀತಿ ಏನು?” ಅಂದಳು. ಧ್ವನಿ ಇಳಿದಿತ್ತು. ಅದು ನಿಶ್ಶಕ್ತಿಗೋ, ಬೇರೆ ಕಾರಣಕ್ಕೋ, ತಿಳಿಯಲಿಲ್ಲ.

“ಇಲ್ಲವ್ವಾ. ನಾ ಯಾಕ ಬರೀಲಿ?”

ಗೋಡೆಯ ಕಡೆ ಮಗ್ಗುಲಾದಳು. ನಾಲ್ಕನೆಯ ದಿನ ತೀರಿಕೊಂಡಳು. ಬರೆಯುವುದಿಲ್ಲ ಎಂದು ನಾನು ಅವಳಿಗೆ ಹೇಳಿದ್ದು, ಹೇಳುವ ಹೊತ್ತಿಗೆ, ಖರೆಯೇ ಆಗಿತ್ತು.